ಕಲ್ಲಿಗೆ ಕಾವಲಿದೆ, ನೀರಿಗಿಲ್ಲ

1917ರ ಜನವರಿ. ಉತ್ತರ ವೇಲ್ಸ್‌ನ ಫ್ಲಿಂಟ್‌ಶೈರ್‌ನಲ್ಲಿರುವ ಹೋಲಿವೆಲ್ ಎಂಬ ಪುಟ್ಟ ಪಟ್ಟಣದ ಒರತೆ ಇದ್ದಕ್ಕಿದ್ದಂತೆ ಬತ್ತಿಹೋಯಿತು. ಅದು ಊರಿಗೇ ಹೆಸರು ಕೊಟ್ಟ ಒರತೆ. ವೆಲ್ಷ್ ಭಾಷೆಯಲ್ಲೂ ಆ ಊರು ಟ್ರೆಫನ್ನನ್, ಅಂದರೆ ‘ಒರತೆಯೂರು’. ಎಂಟನೇ ಹೆನ್ರಿ ದೊರೆ ಮಠಗಳನ್ನು ಮುಚ್ಚಿಸಿದಾಗಲೂ ಅಲ್ಲಿ ನೀರು ಉಕ್ಕುತ್ತಿತ್ತು. ದೇಶ ಪ್ರಾಟೆಸ್ಟೆಂಟ್ ಆಗಿ, ಕ್ಯಾಥೊಲಿಕ್ ಪಾದ್ರಿ ಸಿಕ್ಕಿಬಿದ್ದರೆ ನೇಣು ಎಂಬ ಕಾಲದಲ್ಲೂ ಉಕ್ಕುತ್ತಿತ್ತು. ಅದನ್ನು ನಿಲ್ಲಿಸಿದ್ದು ರಾಜನಲ್ಲ, ಧರ್ಮಸುಧಾರಕನಲ್ಲ. ಹಾಲ್ಕಿನ್ ಬೆಟ್ಟದ ಸೀಸ, ಸತುವಿನ ಗಣಿಗಳಿಂದ ನೀರು ಬಸಿದು ಹಾಕಲು ಕೊರೆಯುತ್ತಿದ್ದ ಸುರಂಗವೊಂದು ನೆಲದಡಿಯ ಸುಣ್ಣಕಲ್ಲಿನಲ್ಲಿ ಆ ಒರತೆಯ ಕಣ್ಣನ್ನೇ ತಿವಿದಿತ್ತು.

ಅದೇ ವರ್ಷ ಬೇರೊಂದು ಸೆಲೆಯ ನೀರನ್ನು ತಂದು ಕೊಳಕ್ಕೆ ಹರಿಸಿದರು. ಆ ಕೊಳವೇ ಸಂತ ವಿನಿಫ್ರೆಡ್‌ಳ ಬಾವಿ. ಇಂದು ಅಲ್ಲಿಗೆ ಹೋದವರು ಮುಳುಗುವುದು, ಬಾಟಲಿಗೆ ತುಂಬಿಕೊಳ್ಳುವುದು ಆ ಬದಲಿ ನೀರನ್ನೇ. ಹರಿವು ಹಳೆಯ ಕಾಲದ್ದಕ್ಕೆ ಹೋಲಿಸಿದರೆ ತೀರಾ ಕಡಿಮೆ.

ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಈಗ ಪವಿತ್ರ ಬಾವಿಗಳ ಮೇಲೆ ಹೊಸ ಆಸಕ್ತಿ ಹುಟ್ಟಿದೆ. ಪೊದೆ ಕಡಿದು ಮೆಟ್ಟಿಲು ಬಿಡಿಸುವ ಸ್ಥಳೀಯರು, ಹಳೆಯ ಯಾತ್ರಾದಾರಿಯಲ್ಲಿ ನಡೆಯುವ ಚಾರಣಿಗರು, ಕ್ಯಾಥೊಲಿಕರು, ಆಂಗ್ಲಿಕನ್ನರು, ಯಾವ ಚರ್ಚಿಗೂ ಸೇರದವರು ಎಲ್ಲರೂ ಬರುತ್ತಿದ್ದಾರೆ. ಮರಕ್ಕೆ ಬಟ್ಟೆ ಕಟ್ಟಬಹುದೇ, ಬಾವಿ ಯಾರದು, ಇದು ಕ್ರೈಸ್ತರದೋ ಅದಕ್ಕೂ ಹಿಂದಿನವರದೋ ಎಂಬ ಜಗಳಗಳೂ ಜೊತೆಗೇ ಬಂದಿವೆ. ಈ ಮಾತುಗಳಲ್ಲಿ ಕಲ್ಲಿದೆ, ಕಥೆಯಿದೆ, ನಂಬಿಕೆಯಿದೆ. ನೀರಿನ ಸುದ್ದಿ ಮಾತ್ರ ಅಪರೂಪ. ಹೋಲಿವೆಲ್‌ನ ಕಥೆಯನ್ನು ಮೊದಲಿಂದ ನೋಡಿದರೆ ಆ ಅಪರೂಪವೇ ಅಸಲು ಸಮಸ್ಯೆ ಅನ್ನಿಸುತ್ತದೆ.

ಮೊದಲು ಒಂದು ಪದದ ತೊಡಕು ಬಿಡಿಸಿಕೊಳ್ಳೋಣ. ‘ಬಾವಿ’ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ರಾಟೆ, ಹಗ್ಗ, ಕೊಡಪಾನ. ಇಂಗ್ಲಿಷಿನ ‘ವೆಲ್’ ಮೂಲದಲ್ಲಿ ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ತಾನಾಗಿ ಉಕ್ಕುವ ನೀರು ಎಂದೇ ಅರ್ಥ. ವೆಲ್ಷ್‌ನ ‘ಫನ್ನನ್’, ಐರಿಷ್‌ನ ‘ತೊಬರ್’ ಕೂಡ ಅದೇ. ಪಾವಗಡ, ಮಧುಗಿರಿ ಕಡೆಯವರು ತಲಪರಿಗೆ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಯಾರೂ ತೋಡದೆ, ಯಾರೂ ಸೇದದೆ ನೆಲ ತಾನೇ ಕೊಡುವ ನೀರು. ದೇವರ ಕೊಡುಗೆ ಎಂದು ನಂಬಲು ಹೆಚ್ಚೇನೂ ಬೇಕಿರಲಿಲ್ಲ. ಐರ್ಲೆಂಡ್ ಒಂದರಲ್ಲೇ ಇಂಥ ಸುಮಾರು 3,000 ಪವಿತ್ರ ಬಾವಿಗಳಿವೆ ಎಂದು ಅಂದಾಜು. ವೇಲ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು.

ವಿನಿಫ್ರೆಡ್‌ಳ ಕಥೆ ಹೀಗೆ. ವೆಲ್ಷ್ ಹೆಸರು ಗ್ವೆನ್‌ಫ್ರೆವಿ. ಏಳನೇ ಶತಮಾನದ ಹುಡುಗಿ, ಸಂತ ಬ್ಯೂನೊ ಎಂಬಾತನ ಸೋದರ ಸೊಸೆ. ಸನ್ಯಾಸಿನಿಯಾಗುವ ಮನಸ್ಸು ಮಾಡಿದ್ದಳು. ಕ್ಯಾರಡಾಗ್ ಎಂಬ ರಾಜಕುಮಾರ ಅವಳ ಮೇಲೆ ಕಣ್ಣು ಹಾಕಿದ. ಅವಳು ತಪ್ಪಿಸಿಕೊಂಡು ಚರ್ಚಿನತ್ತ ಓಡಿದಳು. ಸಿಟ್ಟಿಗೆದ್ದವನು ಬೆನ್ನಟ್ಟಿ ಕತ್ತಿ ಬೀಸಿ ತಲೆ ಕಡಿದ. ತಲೆ ಇಳಿಜಾರಿನಲ್ಲಿ ಉರುಳಿ ನಿಂತ ಕಡೆ ನೀರು ಚಿಮ್ಮಿತು. ಬ್ಯೂನೊ ಬಂದು ತಲೆಯನ್ನು ಮುಂಡಕ್ಕೆ ಸೇರಿಸಿ ಪ್ರಾರ್ಥಿಸಿದ. ಅವಳು ಎದ್ದು ಕೂತಳು. ಕುತ್ತಿಗೆಯ ಸುತ್ತ ತೆಳ್ಳಗಿನ ಬಿಳಿ ಗೆರೆಯೊಂದು ಕೊನೆಯವರೆಗೂ ಉಳಿಯಿತಂತೆ. ಮುಂದೆ ಅವಳು ಗ್ವಿದೆರಿನ್ ಎಂಬಲ್ಲಿ ಸನ್ಯಾಸಿನಿಯರ ಮಠದ ಮುಖ್ಯಸ್ಥೆಯಾಗಿ ತೀರಿಕೊಂಡಳು.

ಕಥೆ ಏಳನೇ ಶತಮಾನದ್ದು. ಆದರೆ ನಮ್ಮ ಕೈಗೆ ಸಿಗುವ ಅವಳ ಚರಿತೆಗಳು 12ನೇ ಶತಮಾನದವು. ನಡುವೆ ಐನೂರು ವರ್ಷದ ಮೌನ. ಚರಿತೆ ಬರೆದವರಲ್ಲಿ ಒಬ್ಬ ಶ್ರೂಸ್‌ಬರಿ ಮಠದ ರಾಬರ್ಟ್. ಆತನೇ ತನ್ನ ಜೊತೆಯವರೊಂದಿಗೆ ವೇಲ್ಸ್‌ಗೆ ಹೋಗಿ, ಗ್ವಿದೆರಿನ್‌ನಲ್ಲಿದ್ದ ಅವಳ ಅಸ್ಥಿಗಳನ್ನು ಅಗೆಸಿ, 1138ರ ಹೊತ್ತಿಗೆ ಗಡಿಯಾಚೆಯ ಶ್ರೂಸ್‌ಬರಿಗೆ ತಂದವನು. ಹೊಸ ಮಠ, ಹೆಸರಾಂತ ಸಂತರ ಅಸ್ಥಿ ಒಂದೂ ಇಲ್ಲ. ಅಸ್ಥಿ ಇಲ್ಲದಿದ್ದರೆ ಯಾತ್ರಿಕರಿಲ್ಲ, ಯಾತ್ರಿಕರಿಲ್ಲದಿದ್ದರೆ ಕಾಣಿಕೆಯಿಲ್ಲ. ರಾಬರ್ಟನ ಭಕ್ತಿ ಸುಳ್ಳು ಎನ್ನಲಾರೆ. ಆದರೆ ಮಠದ ಲೆಕ್ಕಪುಸ್ತಕವೂ ಅವನ ತಲೆಯಲ್ಲಿ ಇದ್ದಿರಲೇಬೇಕು.

ಆ ಚರಿತೆಗಳಿಗಿಂತ ಮೊದಲೇ ಬಾವಿ ಇತ್ತು, ಅದಕ್ಕೆ ಬೆಲೆಯೂ ಇತ್ತು ಎನ್ನಲು ದಾಖಲೆಯಿದೆ. 1093ರಲ್ಲಿ ಚೆಸ್ಟರ್‌ನ ಶ್ರೀಮಂತ ಮನೆತನದ ಹೆಂಗಸೊಬ್ಬಳು ಹೋಲಿವೆಲ್ ಅನ್ನು ಅಲ್ಲಿನ ಸಂತ ವೆರ್‌ಬರ್ಗ್ ಮಠಕ್ಕೆ ದಾನ ಕೊಟ್ಟಳು. 1240ರಲ್ಲಿ ವೆಲ್ಷ್ ರಾಜಕುಮಾರ ದಾವಿದ್ ಅದನ್ನು ಹತ್ತಿರದ ಬೇಸಿಂಗ್‌ವರ್ಕ್‌ನ ಸಿಸ್ಟರ್ಶಿಯನ್ ಮಠಕ್ಕೆ ಕೊಟ್ಟ. ಅಸ್ಥಿ ಒಂದು ಮಠದಲ್ಲಿ, ನೀರು ಇನ್ನೊಂದು ಮಠದಲ್ಲಿ. ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಒಂದೇ ಸಂಗತಿ: ಅಸ್ಥಿ ಹೊತ್ತುಕೊಂಡು ಹೋಗಬಹುದು, ಒರತೆಯನ್ನು ಹೊತ್ತೊಯ್ಯಲಾಗದು. ವಿನಿಫ್ರೆಡ್ ಊರು ಬಿಟ್ಟು ಹೋದಮೇಲೂ ಜನ ಊರಿನ ನೀರನ್ನು ಬಿಡಲಿಲ್ಲ. ದೊರೆ ಐದನೇ ಹೆನ್ರಿ ಅಜಿನ್‌ಕೂರ್ ಕದನ ಗೆದ್ದ ಮರುವರ್ಷ, 1416ರಲ್ಲಿ, ಶ್ರೂಸ್‌ಬರಿಯಿಂದ ಹೋಲಿವೆಲ್‌ಗೆ ಕಾಲ್ನಡಿಗೆಯಲ್ಲಿ ಹೋದ ಎಂದು ಆಗಿನ ಚರಿತ್ರಕಾರ ಆಡಮ್ ಆಫ್ ಅಸ್ಕ್ ಬರೆದಿದ್ದಾನೆ. ಅಂದರೆ ಅಸ್ಥಿಯ ಬಳಿಯಿಂದ ನೀರಿನ ಬಳಿಗೆ.

ಇನ್ನು ‘ಇದೆಲ್ಲ ಕ್ರೈಸ್ತಪೂರ್ವ ಕಾಲದ್ದು, ಚರ್ಚು ಬರೀ ಬಣ್ಣ ಬಳಿಯಿತು’ ಎಂಬ ವಾದ. ಕೇಳಲು ಚೆನ್ನಾಗಿದೆ, ಪ್ರವಾಸಿ ಫಲಕಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ರೋಮನ್ನರ ಕಾಲದ ಬ್ರಿಟನ್ನಿನಲ್ಲಿ ನೀರಿನ ಪೂಜೆ ಇದ್ದದ್ದು ನಿಜ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕ ಕ್ಯಾರಬರ ಎಂಬಲ್ಲಿ ಕೊವೆಂಟಿನಾ ಎಂಬ ಜಲದೇವತೆಯ ಬಾವಿಯನ್ನು 1876ರಲ್ಲಿ ಅಗೆದಾಗ 13,000ಕ್ಕೂ ಹೆಚ್ಚು ನಾಣ್ಯಗಳು ಸಿಕ್ಕವು. ಕ್ರಿ.ಶ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಪಾದ್ರಿಗೆ ಬರೆದ ಪತ್ರವೂ ಪ್ರಸಿದ್ಧ: ಗುಡಿಗಳನ್ನು ಕೆಡವಬೇಡಿ, ವಿಗ್ರಹ ತೆಗೆದು ತೀರ್ಥ ಚಿಮುಕಿಸಿ ಅವನ್ನೇ ಚರ್ಚು ಮಾಡಿಕೊಳ್ಳಿ ಎಂದು. ಆದರೆ ಆ ಪತ್ರ ಗುಡಿಗಳ ಕುರಿತದ್ದು, ಒರತೆಗಳದ್ದಲ್ಲ. ಕೊವೆಂಟಿನಾಳ ಬಾವಿ ಕ್ರೈಸ್ತ ಸಂತರ ಬಾವಿಯಾಗಿ ಬದಲಾಗಲೂ ಇಲ್ಲ, ಮುಚ್ಚಿಹೋಗಿ ಮರೆತುಹೋಯಿತು. ಇಂದು ‘ಸೆಲ್ಟಿಕ್’ ಎಂದು ಕರೆಸಿಕೊಳ್ಳುವ ಬಾವಿಗಳಲ್ಲಿ ಬಹಳಷ್ಟರ ದಾಖಲೆ ಮಧ್ಯಯುಗಕ್ಕಿಂತ ಹಿಂದಕ್ಕೆ ಹೋಗುವುದೇ ಇಲ್ಲ.

ದಾಖಲೆ ಹೇಳುವ ಕಥೆ ಬೇರೆ. ಮಧ್ಯಯುಗದುದ್ದಕ್ಕೂ ಹೊಸ ಹೊಸ ಬಾವಿಗಳು ‘ಪವಿತ್ರ’ವಾಗುತ್ತಲೇ ಇದ್ದವು, ಮೇಲಿನವರು ತಡೆಯುತ್ತಲೇ ಇದ್ದರು. 1102ರಲ್ಲಿ ಆರ್ಚ್‌ಬಿಷಪ್ ಆನ್ಸೆಲ್ಮ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಡೆಸಿದ ಸಭೆ ಒಂದು ಕಟ್ಟಳೆ ಮಾಡಿತು: ಬಿಷಪ್ಪರ ಅಪ್ಪಣೆಯಿಲ್ಲದೆ ಯಾರೂ ಹೆಣಗಳಿಗಾಗಲಿ ಒರತೆಗಳಿಗಾಗಲಿ ಪವಿತ್ರತೆ ಹಚ್ಚಿ ಪೂಜಿಸತಕ್ಕದ್ದಲ್ಲ. ಕಟ್ಟಳೆ ಮಾಡಬೇಕಾಗಿ ಬಂತು ಎಂದರೆ ಅಪ್ಪಣೆ ಕೇಳದೆ ಪೂಜಿಸುವವರು ಸಾಕಷ್ಟಿದ್ದರು ಎಂದೇ ಅರ್ಥ. ಇನ್ನೂರು ವರ್ಷ ಕಳೆದರೂ ಅದೇ ಪಾಡು. 1299ರಲ್ಲಿ ಲಿಂಕನ್‌ನ ಬಿಷಪ್ ಆಲಿವರ್ ಸಟನ್, ಲಿನ್‌ಸ್ಲೇಡ್ ಎಂಬ ಹಳ್ಳಿಯ ಹೊಲದಲ್ಲಿದ್ದ ಒರತೆಗೆ ಜನ ಮುಗಿಬೀಳುತ್ತಿರುವುದನ್ನು ಕೇಳಿ ನಿಷೇಧ ಹೇರಿದ. ಅವನ ಸಿಟ್ಟು ಮುಖ್ಯವಾಗಿ ಊರಿನ ಪಾದ್ರಿಯ ಮೇಲೆ. ಕಾಣಿಕೆಯ ಆಸೆಗೆ ಆ ಮನುಷ್ಯನೇ ಜನರನ್ನು ಹುರಿದುಂಬಿಸುತ್ತಿದ್ದ ಎಂಬುದು ದೂರು.

ಪವಿತ್ರತೆ ಮೇಲಿನಿಂದ ಇಳಿದುಬಂದದ್ದಲ್ಲ, ಹೊಲದಿಂದ ಹತ್ತಿಬಂದದ್ದು ಎಂದು ಹೇಳಲು ಇಷ್ಟು ಸಾಕು. ಯಾರಿಗೋ ಕಣ್ಣುನೋವು ವಾಸಿಯಾಯಿತು, ನೆರೆಯವರಿಗೆ ಹೇಳಿದರು, ನೆರೆಯವರು ಕಾಣಿಕೆ ತಂದರು, ಊರ ಪಾದ್ರಿ ಒಂದು ಡಬ್ಬಿ ಇಟ್ಟ. ಬಿಷಪ್ಪರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎರಡೇ ದಾರಿ ಉಳಿದಿರುತ್ತಿತ್ತು: ಅದಕ್ಕೊಬ್ಬ ಸಂತರ ಹೆಸರು ಕೊಟ್ಟು ಒಪ್ಪಿಕೊಳ್ಳುವುದು, ಇಲ್ಲವೇ ಬೇಲಿ ಹಾಕುವುದು. ಹುತ್ತ, ಮರ, ಕಲ್ಲುಗಳಿಗೆ ಊರವರು ಮೊದಲು ಕುಂಕುಮ ಹಚ್ಚಿ, ಗುಡಿ ಸಮಿತಿ ಆಮೇಲೆ ಹುಟ್ಟುವುದನ್ನು ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಭಕ್ತಿ ಕೈಗೆ, ಮೈಗೆ ಹತ್ತಿದ ಭಕ್ತಿ. ಕಾಯಿಲೆಯವರ ಎತ್ತರಕ್ಕೆ ದಾರ ಅಳೆದು, ಆ ದಾರವನ್ನೇ ಬತ್ತಿ ಮಾಡಿ ಮೇಣದ ದೀಪ ಮಾಡಿಸುತ್ತಿದ್ದರು. ಆ ದೀಪ ಸಂತರ ಮುಂದೆ ಉರಿದರೆ ರೋಗಿಯೇ ನಿಂತು ಬೇಡಿಕೊಂಡ ಹಾಗೆ. ನಾಣ್ಯವನ್ನು ಬಗ್ಗಿಸಿ ಮುಡಿಪು ಕಟ್ಟುತ್ತಿದ್ದರು. ಬಗ್ಗಿದ ನಾಣ್ಯವನ್ನು ಸಂತೆಯಲ್ಲಿ ಖರ್ಚು ಮಾಡಲಾಗದಲ್ಲ. ಐರ್ಲೆಂಡಿನಲ್ಲಿ ಬಾವಿಯ ಸುತ್ತ ಬಲಕ್ಕೆ, ಸೂರ್ಯ ಹೋಗುವ ದಿಕ್ಕಿಗೇ ಪ್ರದಕ್ಷಿಣೆ. ಎಣಿಕೆ ತಪ್ಪದಿರಲೆಂದು ಸುತ್ತಿಗೊಂದು ಬೆಣಚುಕಲ್ಲು ಹಾಕುವುದು. ಬಾವಿಯಲ್ಲಿ ಟ್ರೌಟ್ ಮೀನು ಕಂಡರೆ ಹರಕೆ ಸಂದಿತು. ಪವಿತ್ರ ಬಾವಿಯ ನೀರು ಕಾಯಿಸಿದರೆ ಕುದಿಯುವುದಿಲ್ಲ. ಅದರಲ್ಲಿ ಮೈಲಿಗೆ ಬಟ್ಟೆ ಒಗೆದರೆ ಬಾವಿ ಮುನಿಸಿಕೊಂಡು ರಾತ್ರೋರಾತ್ರಿ ಪಕ್ಕದ ಹೊಲಕ್ಕೆ ಹೋಗಿಬಿಡುತ್ತದೆ. ಈ ಕೊನೆಯ ನಂಬಿಕೆ ನನಗೆ ಬಹಳ ಇಷ್ಟ. ಕುಡಿಯುವ ನೀರನ್ನು ಕೆಡಿಸಬೇಡಿ ಎಂದು ಇದಕ್ಕಿಂತ ಚೆನ್ನಾಗಿ ಯಾವ ನಗರಸಭೆಯೂ ಹೇಳಿಲ್ಲ.

ಒಂದೊಂದು ಬಾವಿಗೆ ಒಂದೊಂದು ಕಾಯಿಲೆ. ಕಣ್ಣಿನ ಬಾವಿಗಳೇ ಹೆಚ್ಚು. ಹೊಗೆಗೂಡು ಇಲ್ಲದ ಮನೆಯೊಳಗೆ ಸೌದೆ ಒಲೆಯ ಮುಂದೆ ಚಳಿಗಾಲ ಕಳೆದವರಿಗೆ ಕಣ್ಣು ಉರಿಯದೆ ಇನ್ನೇನು? ಶುದ್ಧವಾದ ತಣ್ಣೀರಿನಲ್ಲಿ ದಿನಾ ತೊಳೆದರೆ ಒಂದಿಷ್ಟು ಗುಣ ಕಂಡೇ ಕಾಣುತ್ತದೆ. ಎಲ್ಲವನ್ನೂ ಹೀಗೆ ವಿವರಿಸಿ ಮುಗಿಸಬಹುದು ಎಂದೇನೂ ಅಲ್ಲ. ಕಾರ್ನ್‌ವಾಲ್‌ನ ಮ್ಯಾಡ್ರನ್ ಬಾವಿಯಲ್ಲಿ ಮಿಂದು ಜಾನ್ ಟ್ರೆಲಿಲ್ ಎಂಬ ಹೆಳವ ನಡೆದಾಡಿದ ಸುದ್ದಿಯನ್ನು 17ನೇ ಶತಮಾನದಲ್ಲಿ ವಿಚಾರಿಸಿ ನೋಡಿ ಒಪ್ಪಿದವನು ಜೋಸೆಫ್ ಹಾಲ್, ಎಕ್ಸೆಟರ್‌ನ ಪ್ರಾಟೆಸ್ಟೆಂಟ್ ಬಿಷಪ್. ಇಂಥದ್ದನ್ನು ನಂಬಬೇಕಾದ ದರ್ದು ಆತನಿಗೆ ಇರಲಿಲ್ಲ.

ಈಗ ಹೋಲಿವೆಲ್‌ನ ಕಟ್ಟಡಕ್ಕೆ ಬರೋಣ. 16ನೇ ಶತಮಾನದ ಆರಂಭದ್ದು. ಏಳನೇ ಹೆನ್ರಿಯ ತಾಯಿ ಮಾರ್ಗರೆಟ್ ಬೋಫರ್ಟ್ ಕಟ್ಟಿಸಿದಳೆಂದು ಪ್ರತೀತಿ. ಕೆಳಗೆ ಬಾವಿ, ಮೇಲೆ ಪ್ರಾರ್ಥನಾಮಂದಿರ. ಒಳಗೆ ನಕ್ಷತ್ರದ ಆಕಾರದ ಕಟ್ಟೆ, ಅದರೊಳಗಿಂದ ನೀರು ಉಕ್ಕುತ್ತದೆ. ಸುತ್ತ ಕಂಬ, ಮೇಲೆ ಕಮಾನು ಜಾಲದ ಸೂರು. ಮುಂದೆ ಮೈ ಅದ್ದಲು ಚಿಕ್ಕ ತೊಟ್ಟಿ, ಅದಕ್ಕೂ ಮುಂದೆ ಬಯಲಿಗೆ ತೆರೆದ ಕೊಳ. ಕಲ್ಲಿನ ಕೆತ್ತನೆಗಳಲ್ಲಿ ಒಂದರಲ್ಲಿ ಒಬ್ಬನ ಬೆನ್ನ ಮೇಲೆ ಇನ್ನೊಬ್ಬನಿದ್ದಾನೆ. ಕಾಲಿಲ್ಲದವನನ್ನು ಹೊತ್ತುಕೊಂಡು ನೀರಿಗಿಳಿಯುತ್ತಿರುವ ಯಾತ್ರಿಕ. ರಾಜಮಾತೆಯ ಹೆಸರಿನ ಕಟ್ಟಡದಲ್ಲಿ ಊರ ಬಡವರಿಬ್ಬರು ಹೀಗೆ ಸೇರಿಕೊಂಡಿದ್ದಾರೆ. ಗೋಡೆಯ ತುಂಬ ಗೀಚು ಬರಹ: ಹೆಸರಿನ ಮೊದಲಕ್ಷರ, ವರ್ಷ, ವಾಸಿಯಾದದ್ದಕ್ಕೆ ಋಣ. ನಮ್ಮ ಸ್ಮಾರಕಗಳ ಮೇಲೆ ಗೀಚುವವರನ್ನು ಬೈಯುವ ನಾನು ಇಲ್ಲಿ ಮಾತ್ರ ಸುಮ್ಮನಾಗುತ್ತೇನೆ.

ಮಿಂದು ಹೋಗುವ ಕ್ರಮ ಇಂದಿಗೂ ಹಳೆಯದೇ. ಒಳಗಿನ ತೊಟ್ಟಿಯನ್ನು ಪ್ರಾರ್ಥನೆ ಹೇಳುತ್ತ ಮೂರು ಸಲ ಹಾಯಬೇಕು. ಆಮೇಲೆ ಹೊರಗಿನ ಕೊಳದಲ್ಲಿ ಸಂತ ಬ್ಯೂನೊನ ಕಲ್ಲಿನ ಮೇಲೆ ಮಂಡಿಯೂರಿ ಪ್ರಾರ್ಥನೆ ಮುಗಿಸಬೇಕು. ನೀರು ಕೊರೆಯುವಷ್ಟು ತಣ್ಣಗೆ. ಕೊಳದ ಕಲ್ಲುಗಳ ಮೇಲಿನ ಕೆಂಪು ಕಲೆ ವಿನಿಫ್ರೆಡ್‌ಳ ರಕ್ತವೆಂದು ಜನ ಹೇಳುತ್ತಿದ್ದರು. ಅದು ಪಾಚಿಯ ಬಣ್ಣ ಎಂದು 18ನೇ ಶತಮಾನದಲ್ಲೇ ಪಕ್ಕದೂರಿನ ನಿಸರ್ಗಶಾಸ್ತ್ರಜ್ಞ ಥಾಮಸ್ ಪೆನ್ನಂಟ್ ವಿವರಿಸಿದ. ವಿವರಣೆ ಬಂದರೂ ಯಾತ್ರಿಕರು ಬರುವುದು ನಿಲ್ಲಲಿಲ್ಲ.

ಕಟ್ಟಡ ಎದ್ದು ಹೆಚ್ಚು ಕಾಲವಾಗಿರಲಿಲ್ಲ, ಮಾರ್ಗರೆಟ್‌ಳ ಮೊಮ್ಮಗ ಎಂಟನೇ ಹೆನ್ರಿಯೇ ಮಠಗಳ ಮೇಲೆ ಎರಗಿದ. ಬೇಸಿಂಗ್‌ವರ್ಕ್ ಮುಚ್ಚಿತು. ಶ್ರೂಸ್‌ಬರಿಯಲ್ಲಿದ್ದ ವಿನಿಫ್ರೆಡ್‌ಳ ಗುಡಿ ಒಡೆಯಿತು. ಆ ದಿನಗಳು ಹೇಗಿದ್ದವೆಂದು ತಿಳಿಯಲು ಡರ್ಬಿಶೈರ್‌ನ ಬಕ್ಸ್‌ಟನ್‌ಗೆ ಹೋಗಬೇಕು. 1538ರಲ್ಲಿ ಅಲ್ಲಿನ ಸಂತ ಆ್ಯನ್‌ಳ ಬಾವಿಗೆ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಪರವಾಗಿ ಹೋದ ವಿಲಿಯಂ ಬ್ಯಾಸೆಟ್ ಎಂಬಾತ ವರದಿ ಬರೆದ: ವಿಗ್ರಹ ಕಿತ್ತಿದ್ದೇನೆ, ಅಲ್ಲಿ ತೂಗುಹಾಕಿದ್ದ ಊರುಗೋಲು, ಅಂಗಿ, ಮೇಣ ಎಲ್ಲ ತೆಗೆಸಿದ್ದೇನೆ, ಸ್ನಾನದ ಕೊಳಗಳಿಗೂ ಬಾವಿಗೂ ಬೀಗ ಜಡಿದು ಮೊಹರು ಹಾಕಿದ್ದೇನೆ ಎಂದು. ನೀರಿಗೆ ಬೀಗ! ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಸರ್ಕಾರ ಜಪ್ತಿ ಮಾಡಿದ ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡು ನೋಡಿ.

ಬೀಗ ಬಹಳ ದಿನ ಉಳಿಯಲಿಲ್ಲ. ಮೂವತ್ತು ನಲವತ್ತು ವರ್ಷಗಳಲ್ಲಿ ಅದೇ ಬಕ್ಸ್‌ಟನ್ ವೈದ್ಯರ ಊರಾಯಿತು. 1572ರಲ್ಲಿ ಜಾನ್ ಜೋನ್ಸ್ ಎಂಬ ವೈದ್ಯ ಅಲ್ಲಿನ ನೀರಿನ ಗುಣಗಳ ಮೇಲೆ ಪುಸ್ತಕವನ್ನೇ ಅಚ್ಚುಹಾಕಿಸಿದ. ಸೆರೆಯಲ್ಲಿದ್ದ ಸ್ಕಾಟ್ಲೆಂಡ್ ರಾಣಿ ಮೇರಿ ಸಂಧಿವಾತಕ್ಕೆ ಅಲ್ಲಿ ಮೀಯಲು ಬರುತ್ತಿದ್ದಳು. ನೀರು ಅದೇ, ನೋವೂ ಅದೇ. ಸಂತರ ಹೆಸರು ಹೋಗಿ ಖನಿಜಗಳ ಹೆಸರು ಬಂತು, ಅಷ್ಟೇ. ಈಗ ಬಕ್ಸ್‌ಟನ್ ಹೆಸರಿನ ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುತ್ತದೆ. ಊರ ನಡುವಿನ ಸಂತ ಆ್ಯನ್‌ಳ ನಲ್ಲಿಯಲ್ಲಿ ಮಾತ್ರ ಬೆಚ್ಚಗಿನ ನೀರು ಇನ್ನೂ ಬಿಟ್ಟಿಯಾಗಿ ಹರಿಯುತ್ತಿದೆ, ಊರವರು ಕ್ಯಾನ್ ಹಿಡಿದು ಬಂದು ತುಂಬಿಕೊಳ್ಳುತ್ತಾರೆ.

ಹೋಲಿವೆಲ್ ವೈದ್ಯರ ಊರಾಗಲಿಲ್ಲ, ಹಟದ ಊರಾಯಿತು. ಜೆಸ್ಯೂಟ್ ಪಾದ್ರಿಗಳು ಊರಿನ ಛತ್ರವೊಂದನ್ನು ನಡೆಸುವವರ ಸೋಗಿನಲ್ಲಿ ನೆಲೆಸಿದರು; ಬೇರೆ ಪಾದ್ರಿಗಳಿಗೆ ಇನ್ನೊಂದು ಛತ್ರ. 1629ರ ವಿನಿಫ್ರೆಡ್‌ಳ ಹಬ್ಬದ ದಿನ ಸುಮಾರು 1,400ರಿಂದ 1,500 ಯಾತ್ರಿಕರು, 150 ಪಾದ್ರಿಗಳು ಸೇರಿದ್ದರೆಂದು ಸರ್ಕಾರದ ಗೂಢಚಾರನೊಬ್ಬ ವರದಿ ಕಳಿಸಿದ. ಕಾನೂನಿನ ಪ್ರಕಾರ ಇಡೀ ದೇಶದಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿಯೂ ಇರುವಂತಿರಲಿಲ್ಲ! 18ನೇ ಶತಮಾನದ ಆರಂಭದಲ್ಲಿ ಹಾದುಹೋದ ಲೇಖಕ ಡೇನಿಯಲ್ ಡೀಫೊ ಬರೆದ ಮಾತು ನಗು ತರಿಸುತ್ತದೆ: ಇಲ್ಲಿ ಪಾದ್ರಿಗಳು ವೇಷ ಹಾಕಿಕೊಂಡಿರುತ್ತಾರೆ, ಕೆಲವೊಮ್ಮೆ ವೈದ್ಯರಾಗಿ, ಕೆಲವೊಮ್ಮೆ ಸಾಹುಕಾರರಾಗಿ, ಕೆಲವೊಮ್ಮೆ ರೋಗಿಗಳಾಗಿ. ಊರಿನವರಿಗೆ ಯಾರು ಯಾರೆಂದು ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಯಾತ್ರಿಕರಿಂದ ಛತ್ರಕ್ಕೆ ವ್ಯಾಪಾರ, ಬೇಕರಿಯವನಿಗೆ ವ್ಯಾಪಾರ, ಕುದುರೆ ಲಾಯದವನಿಗೆ ವ್ಯಾಪಾರ. ಪ್ರಾಟೆಸ್ಟೆಂಟ್ ಅಧಿಕಾರಿಯೂ ಊರಿನವನೇ. ಭಕ್ತಿ ಒಂದು ಕಡೆ ಕಾಪಾಡಿದರೆ ಹೊಟ್ಟೆಪಾಡು ಇನ್ನೊಂದು ಕಡೆ ಕಾಪಾಡಿತು.

ಒಮ್ಮೆಯಂತೂ ಈ ಬಾವಿ ದೇಶದ ಚರಿತ್ರೆಗೇ ಕೈಹಾಕಿತು. ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ 1680ರ ದಶಕದಲ್ಲಿ ಗಂಡುಸಂತಾನ ಬೇಡಿಕೊಂಡು ಹೋಲಿವೆಲ್‌ಗೆ ಬಂದ. 1688ರ ಜೂನ್‌ನಲ್ಲಿ ರಾಣಿ ಗಂಡುಮಗುವನ್ನು ಹೆತ್ತಳು. ಇನ್ನು ಮುಂದೆಯೂ ಕ್ಯಾಥೊಲಿಕ್ ವಂಶವೇ ಆಳುತ್ತದೆಂದು ಬೆದರಿದ ಪ್ರಾಟೆಸ್ಟೆಂಟ್ ಸರದಾರರು ಹಾಲೆಂಡಿನ ವಿಲಿಯಂನನ್ನು ಕರೆಸಿಕೊಂಡರು. ವರ್ಷ ಮುಗಿಯುವುದರೊಳಗೆ ಜೇಮ್ಸ್ ದೇಶ ಬಿಟ್ಟು ಓಡಿದ. ಬೇಡಿದ್ದು ಸಿಕ್ಕಿತು, ಸಿಂಹಾಸನ ಹೋಯಿತು.

ಐರ್ಲೆಂಡಿನಲ್ಲಿ ಇನ್ನೂ ನೇರವಾದ ಕಾನೂನೇ ಬಂತು. 18ನೇ ಶತಮಾನದ ಆರಂಭದ ಕಾಯ್ದೆಯೊಂದರ ಪ್ರಕಾರ ಬಾವಿಗಳ ಬಳಿ ಜನ ಸೇರುವುದೇ ದೊಂಬಿ. ತಪ್ಪಿಗೆ ಹತ್ತು ಶಿಲ್ಲಿಂಗ್ ದಂಡ, ಕಟ್ಟದಿದ್ದರೆ ಛಡಿಯೇಟು. ಅತ್ತ ಕ್ಯಾಥೊಲಿಕ್ ಬಿಷಪ್ಪರಿಗೂ ಈ ಜಾತ್ರೆಗಳ ಕುಣಿತ, ಕುಡಿತ, ಹೊಡೆದಾಟ ಸರಿಬರಲಿಲ್ಲ. 1660ರಲ್ಲೇ ಟೂಅಮ್‌ನ ಧರ್ಮಸಭೆ ಬಾವಿಗಳ ಬಳಿ ಕುಣಿಯಬಾರದೆಂದು ತೀರ್ಮಾನಿಸಿತ್ತು. ಇಬ್ಬರು ಸವತಿಯರೂ ಒಂದೇ ಮಾತು ಹೇಳಿದ ಹಾಗಾಯಿತು. ಜನ ಇಬ್ಬರ ಮಾತನ್ನೂ ಕೇಳಲಿಲ್ಲ.

ಹಾಗಾದರೆ ನಿಷೇಧಗಳಿಗೆ ಬಗ್ಗದ ಬಾವಿಯನ್ನು ಬಗ್ಗಿಸಿದ್ದು ಏನು? ಉತ್ತರ ಬಾವಿಯ ಕೆಳಗಿನ ಕಣಿವೆಯಲ್ಲಿದೆ. ವಿನಿಫ್ರೆಡ್‌ಳ ಒರತೆಯಿಂದ ಹರಿದ ತೊರೆ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರ ಇಳಿದು ಡೀ ನದಿಯ ಅಳಿವೆ ಸೇರುತ್ತಿತ್ತು. ಚಳಿಗಾಲದಲ್ಲೂ ಹೆಪ್ಪುಗಟ್ಟದ, ಬೇಸಿಗೆಯಲ್ಲೂ ಇಳಿಯದ ನೀರು. 18ನೇ ಶತಮಾನದಲ್ಲಿ ಆ ಗ್ರೀನ್‌ಫೀಲ್ಡ್ ಕಣಿವೆಯುದ್ದಕ್ಕೂ ಹತ್ತಿ ಗಿರಣಿ, ತಾಮ್ರ, ಹಿತ್ತಾಳೆ ಕಾರ್ಖಾನೆಗಳು ಎದ್ದವು. ಆಂಗಲ್‌ಸೀ ದ್ವೀಪದ ತಾಮ್ರ ಇಲ್ಲಿಗೆ ಬಂದು ಹಡಗಿನ ತಳಕ್ಕೆ ಹೊದಿಸುವ ತಗಡಾಗುತ್ತಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಗುಲಾಮರನ್ನು ಕೊಳ್ಳಲು ನಾಣ್ಯದಂತೆ ಬಳಸಿದ ಮನಿಲ್ಲಾ ಕಡಗಗಳೂ ಆಗುತ್ತಿದ್ದವು. ಮೇಲೆ ಕುಂಟನೊಬ್ಬ ಮಂಡಿಯೂರಿ ಎದ್ದ ನೀರೇ ಕೆಳಗೆ ಆ ಚಕ್ರಗಳನ್ನು ತಿರುಗಿಸುತ್ತಿತ್ತು. ಆ ತಾಮ್ರದ ತೇಜಿಯ ದಿನಗಳಲ್ಲೇ ಈ ನೀರನ್ನು ನೋಡುವ ಎರಡನೆಯ ಕಣ್ಣು ತೆರೆದಿತ್ತು: ಇದು ಶಕ್ತಿ, ಇದು ಬಂಡವಾಳ. ಸುತ್ತಲ ಬೆಟ್ಟದ ಗಣಿಗಳವರಿಗೆ ಅದು ಮೂರನೆಯ ರೂಪದಲ್ಲಿ ಕಂಡಿತು: ಇದು ಅಡ್ಡಿ. ಗಣಿ ಆಳಕ್ಕಿಳಿದಂತೆ ನೀರು ನುಗ್ಗುತ್ತಿತ್ತು, ಅದನ್ನು ಬಸಿಯಲೇಬೇಕಿತ್ತು. 1897ರಲ್ಲಿ ಬ್ಯಾಗಿಲ್ಟ್‌ನ ಕಡಲ ಕಡೆಯಿಂದ ಮಿಲೂರ್ ಸುರಂಗ ಕೊರೆಯಲು ಶುರುಮಾಡಿದರು. ಇಪ್ಪತ್ತು ವರ್ಷಕ್ಕೆ ಅದು ಒರತೆಯನ್ನು ಮುಟ್ಟಿತು.

ಇಂದಿನ ಪ್ರಶ್ನೆ ಇಲ್ಲೇ ಇದೆ. ವಿನಿಫ್ರೆಡ್‌ಳ ಬಾವಿಯ ಕಟ್ಟಡ ಈಗ ಕಾನೂನಿನ ಸಂರಕ್ಷಣೆಯಲ್ಲಿದೆ. ವೇಲ್ಸ್‌ನ 2023ರ ಐತಿಹಾಸಿಕ ಪರಿಸರ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಒಂದು ಕಲ್ಲು ಅಲುಗಿಸಲೂ ಸರ್ಕಾರದ ಒಪ್ಪಿಗೆ ಬೇಕು. ಆದರೆ ಬಾವಿಯಿಂದ ಎರಡು ಮೈಲಿ ಆಚೆ ಕೊಳವೆಬಾವಿ ಕೊರೆದು ಅದರ ಸೆಲೆ ಸೆಳೆದರೆ? ಅದು ಬೇರೆ ಇಲಾಖೆ, ಬೇರೆ ಕಾಯ್ದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ದಿನಕ್ಕೆ 20 ಘನ ಮೀಟರ್, ಅಂದರೆ 20,000 ಲೀಟರ್‌ವರೆಗೆ ನೀರೆತ್ತಲು ಸಾಮಾನ್ಯವಾಗಿ ಪರವಾನಗಿಯೇ ಬೇಡ. ಮೀರಿದರೆ ಪರವಾನಗಿ ಬೇಕು. ಆಗಲೂ ನೋಡುವುದು ಹೊಳೆ, ಜಲಚರ, ಅಕ್ಕಪಕ್ಕದ ಬಳಕೆದಾರರ ಹಕ್ಕು. ಮಳೆಗಾಲದಲ್ಲಷ್ಟೇ ತೊಟ್ಟಿಕ್ಕುವ, ದಾಖಲೆಯಲ್ಲಿ ‘ಬಾವಿಯ ಅವಶೇಷ’ ಎಂದಷ್ಟೇ ಇರುವ ಒರತೆಯ ಪರವಾಗಿ ಆ ಮೇಜಿನ ಮುಂದೆ ಕೂರುವವರು ಯಾರು?

ಹೋಲಿವೆಲ್ ದೊಡ್ಡ ಹೆಸರಿನ ಬಾವಿ, ಅದಕ್ಕೆ ಬದಲಿ ನೀರು ಸಿಕ್ಕಿತು. ಹೆಸರಿಲ್ಲದ ನೂರಾರು ಬಾವಿಗಳಿಗೆ ಆ ಭಾಗ್ಯವಿಲ್ಲ. ಹೊಲದ ನೀರು ಬಸಿಯಲು ಹೂತ ಕೊಳವೆಗಳು, ರಸ್ತೆ ಅಗಲೀಕರಣ, ಊರಿಗೆ ನಲ್ಲಿ ಬಂದಮೇಲಿನ ಉದಾಸೀನ ಅವನ್ನು ಒಂದೊಂದಾಗಿ ಮುಗಿಸಿವೆ. ಸೀಮೆಸುಣ್ಣ ಕಲ್ಲಿನ ನೆಲದಡಿಯಿಂದ ಹುಟ್ಟುವ ಜಗತ್ತಿನ ಹೊಳೆಗಳಲ್ಲಿ ನೂರಕ್ಕೆ ಸುಮಾರು 85 ಪಾಲು ಇಂಗ್ಲೆಂಡಿನಲ್ಲಿವೆ ಎನ್ನುತ್ತಾರೆ. ಅವುಗಳ ತಲೆಯಲ್ಲಿರುವುದು ಇಂಥ ಒರತೆಗಳೇ. ಅಂತರ್ಜಲ ಎತ್ತುವುದು ಹೆಚ್ಚಿದಂತೆ ಮೊದಲು ಬತ್ತುವುದೂ ಅವೇ. 2022ರ ಬೇಸಿಗೆಯ ಬರದಲ್ಲಿ ಥೇಮ್ಸ್ ನದಿಯ ಉಗಮವೇ ಒಣಗಿ, ನೀರು ಕಾಣಿಸಲು ಹಲವು ಮೈಲಿ ಕೆಳಗಿಳಿಯಬೇಕಾಯಿತು. ಡರ್ಬಿಶೈರ್‌ನ ಟಿಸಿಂಗ್‌ಟನ್ ಊರವರು ಪ್ರತಿವರ್ಷ ತಮ್ಮ ಬಾವಿಗಳಿಗೆ ಒದ್ದೆ ಜೇಡಿಮಣ್ಣಿನ ಹಲಗೆಯ ಮೇಲೆ ಹೂವಿನ ಎಸಳು ಒತ್ತಿ ಚಿತ್ರ ಮಾಡಿ ಸಿಂಗರಿಸುತ್ತಾರೆ. ಯಾಕೆಂದರೆ 1615ರ ಭೀಕರ ಬರದಲ್ಲೂ ಅವು ಬತ್ತಲಿಲ್ಲ ಎಂಬುದು ಅವರ ನೆನಪು. ಸಿಂಗಾರ ನೋಡಲು ಬಸ್ಸುಗಟ್ಟಲೆ ಪ್ರವಾಸಿಗರು ಬರುತ್ತಾರೆ. ಆ ನೆನಪಿನ ತಿರುಳು ಹೂವಲ್ಲ, ಬರ.

ಬಟ್ಟೆಯ ಜಗಳಕ್ಕೂ ಒಂದು ಮಾತು. ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಉತ್ತರದಲ್ಲಿ ಮನ್ಲಾಕಿ ಎಂಬಲ್ಲಿ ಸಂತ ಬೋನಿಫೇಸ್‌ನ ಹೆಸರಿನ ಒರತೆಯಿದೆ. ಸುತ್ತಲ ಮರಗಳ ತುಂಬ ಹರಕೆ ಬಟ್ಟೆ. ಮೂಲ ಕ್ರಮ ಸರಳ: ಬಟ್ಟೆಯನ್ನು ಬಾವಿಯಲ್ಲಿ ಅದ್ದಿ, ನೋವಿರುವ ಕಡೆ ಒರೆಸಿ ಕೊಂಬೆಗೆ ಕಟ್ಟುವುದು, ಬಟ್ಟೆ ಕೊಳೆತಂತೆ ಕಾಯಿಲೆ ಕರಗುವುದು. ಬಿಚ್ಚಿದವರಿಗೆ ಆ ಕಾಯಿಲೆ ಅಂಟುತ್ತದೆ. 2022ರ ಆರಂಭದಲ್ಲಿ ಯಾರೋ ಒಬ್ಬರು ‘ಸ್ವಚ್ಛತೆ’ಯ ಹುಮ್ಮಸ್ಸಿನಲ್ಲಿ ಮರಗಳ ಬಟ್ಟೆಗಳನ್ನೆಲ್ಲ ಕಿತ್ತು ಹಾಕಿದರು, ದೊಡ್ಡ ಗದ್ದಲವಾಯಿತು. ಕಿತ್ತವರದು ಅಪಚಾರ ಎಂದು ಒಂದು ಗುಂಪು, ಅಲ್ಲಿ ತೂಗುತ್ತಿದ್ದದ್ದು ಕಸ ಎಂದು ಇನ್ನೊಂದು. ಇಬ್ಬರ ಮಾತಲ್ಲೂ ಹುರುಳಿದೆ. ನೈಲಾನ್ ಸಾಕ್ಸ್, ಪ್ಲಾಸ್ಟಿಕ್ ಮಾಸ್ಕ್, ಪಾಲಿಯೆಸ್ಟರ್ ಟೀಶರ್ಟ್ ಕಟ್ಟಿದವರು ಸಂಪ್ರದಾಯ ಪಾಲಿಸುತ್ತಿದ್ದೇವೆ ಎಂದುಕೊಂಡಿದ್ದಾರೆ. ಸಂಪ್ರದಾಯದ ತರ್ಕವನ್ನೇ ಹಿಡಿದು ಹೇಳುವುದಾದರೆ ಅವರ ಕಾಯಿಲೆ ವಾಸಿಯಾಗುವುದು ಇನ್ನೂರು ವರ್ಷದ ಮೇಲೆ. ಅರಣ್ಯ ಇಲಾಖೆಯವರು ಹತ್ತಿ, ಉಣ್ಣೆಯ ಚಿಕ್ಕ ತುಂಡನ್ನಷ್ಟೇ ಕಟ್ಟಿ ಎಂದು ಕೇಳಿಕೊಳ್ಳುತ್ತಾರೆ. ಹಳೆಯ ಅಜ್ಜಿಯೂ ಅದನ್ನೇ ಹೇಳಿರುತ್ತಿದ್ದಳು, ಕಾರಣ ಬೇರೆ ಇರುತ್ತಿತ್ತು.

ಸುತ್ತಲ ಊರು ಬದಲಾದರೂ ಬಾವಿಗಳಿಗೆ ಹೊಸ ನೆರೆಯವರು ಸಿಗುತ್ತಾರೆ ಎನ್ನುವುದಕ್ಕೆ ನಾರ್ಫಕ್‌ನ ವಾಲ್ಸಿಂಗಮ್ ಸಾಕ್ಷಿ. 16ನೇ ಶತಮಾನದ ಆರಂಭದಲ್ಲಿ ಅಲ್ಲಿನ ಜೋಡಿ ಬಾವಿಗಳ ಬಗ್ಗೆ ಡಚ್ ವಿದ್ವಾಂಸ ಎರಾಸ್ಮಸ್ ವ್ಯಂಗ್ಯವಾಡಿದ್ದ. 1538ರಲ್ಲಿ ಮಠವೂ ಮುಚ್ಚಿತು. ಈಗ ಪ್ರತಿ ಜುಲೈನಲ್ಲಿ ಅಲ್ಲಿಗೆ ಸಾವಿರಾರು ಮಲಯಾಳಿ ಕ್ರೈಸ್ತರು, ಕೇರಳದಿಂದ ಹೋಗಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನರ್ಸ್ ಕೆಲಸಕ್ಕೆ ನಿಂತ ಮನೆತನಗಳವರು, ಬಣ್ಣದ ಕೊಡೆ, ಚೆಂಡೆಮೇಳದ ಸಮೇತ ಮೆರವಣಿಗೆ ಹೋಗುತ್ತಾರೆ. ಅಲ್ಲಿನ ಆಂಗ್ಲಿಕನ್ ಗುಡಿಯಲ್ಲಿ ಬಾವಿಯ ನೀರನ್ನು ಒಂದು ಗುಟುಕು ಕುಡಿಸಿ, ಹಣೆಗೆ ಶಿಲುಬೆ ಬರೆದು, ಉಳಿದದ್ದನ್ನು ಬೊಗಸೆಗೆ ಸುರಿಯುತ್ತಾರೆ. ತೀರ್ಥ ಕೊಡುವ ಕೈ ಎಲ್ಲೆಡೆಯೂ ಒಂದೇ ರೀತಿ ಬಾಗುತ್ತದೆ.

ಹೋಲಿವೆಲ್‌ಗೂ ಜನ ಬರುತ್ತಿದ್ದಾರೆ, ಬದಲಿ ನೀರೆಂದು ಗೊತ್ತಿದ್ದೂ ಬರುತ್ತಿದ್ದಾರೆ. ಹಾಗಿದ್ದರೆ ಪವಿತ್ರತೆ ಇರುವುದು ಸ್ಥಳದಲ್ಲಿ, ನೀರಿನ ಹನಿಯಲ್ಲಲ್ಲ. ಕಲ್ಲನ್ನು ಕಾಯ್ದರೆ ಸಾಕಲ್ಲ ಎಂದು ಯಾರಾದರೂ ವಾದಿಸಬಹುದು. ಒಪ್ಪುವುದು ಕಷ್ಟ. 1917ರಲ್ಲಿ ಆ ಕೊಳವನ್ನು ಒಣಗಿದಂತೆಯೇ ಬಿಟ್ಟಿದ್ದರೆ ಇಂದು ಅಲ್ಲಿ ಇರುತ್ತಿದ್ದದ್ದು ಚೆಂದದ ಕಮಾನಿನ ವಸ್ತುಸಂಗ್ರಹಾಲಯ. ಎಲ್ಲಿಂದಲೋ ನೀರು ತಂದಾದರೂ ಹರಿಸಲೇಬೇಕು ಎಂದು ಹಟ ಹಿಡಿದವರು ಇದ್ದದ್ದರಿಂದಲೇ ಮಂಡಿಯೂರುವ ಕಲ್ಲು ಒದ್ದೆಯಾಗಿ ಉಳಿದಿದೆ.

ಮತ್ತೆ ಆ ಹಳೆಯ ನೀರು? ಅದು ಎಲ್ಲೂ ಹೋಗಿಲ್ಲ. ಗಣಿಗಳು ಮುಚ್ಚಿ ದಶಕಗಳೇ ಆದರೂ ಮಿಲೂರ್ ಸುರಂಗ ನೆಲದಡಿ ಬಸಿಯುತ್ತಲೇ ಇದೆ. ಹೋಲಿವೆಲ್‌ನಿಂದ ಕೆಲವೇ ಕಿಲೋಮೀಟರ್ ದೂರದ ಬ್ಯಾಗಿಲ್ಟ್‌ನಲ್ಲಿ, ಸುರಂಗದ ಬಾಯಿಂದ ದಿನಕ್ಕೆ ಕೋಟಿಗಟ್ಟಲೆ ಲೀಟರ್ ನೀರು ಡೀ ಅಳಿವೆಯ ಕೆಸರಿಗೆ ಸುರಿಯುತ್ತದೆ, ಬೇಸಿಗೆಯಲ್ಲೂ, ಚಳಿಗಾಲದಲ್ಲೂ.